ವಾಯುಮಂಡಲ ಮತ್ತು ಅದರ ಸ್ತರಗಳು: ಮಕ್ಕಳಿಗೆ ತಿಳಿಹೇಳುವ ಬಗೆ

ಪಂಚಭೂತಗಳಲ್ಲಿ ವಾಯುವೂ ಒಂದೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಮಣ್ಣನ್ನು ಮುಟ್ಟಬಹುದು, ನೀರನ್ನು ತುಂಬಿಡಬಹುದು, ಬೆಂಕಿಯನ್ನು ಕಾಣಬಹುದು. ಗಾಳಿಯಾದರೋ ಕಣ್ಣಿಗೆ ಕಾಣದು, ಕೈಗೆ ಸಿಕ್ಕದು. ಕಾಣದ ವಸ್ತುವನ್ನು ಮಕ್ಕಳ ಮನಸ್ಸಿಗೆ ಮುಟ್ಟಿಸುವುದು ಸುಲಭದ ಕೆಲಸವಲ್ಲ. ಆದುದರಿಂದಲೇ ಭೂಗೋಳದ ಪಾಠದಲ್ಲಿ ಈ ವಿಷಯ ಬಂದಾಗ ಪರಿವರ್ತನ ಮಂಡಲ, ಸಮೋಷ್ಣ ಮಂಡಲ, ಮಧ್ಯಂತರ ಮಂಡಲ, ಉಷ್ಣತಾ ಮಂಡಲ, ಬಾಹ್ಯ ಮಂಡಲ ಎಂಬ ಐದು ಹೆಸರುಗಳನ್ನು ಮಕ್ಕಳು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಹೆಸರುಗಳು ಪರೀಕ್ಷೆಯವರೆಗೆ ಉಳಿದು ಅನಂತರ ಮರೆತುಹೋಗುತ್ತವೆ.

ಸ್ತರಗಳು ಏಕೆ ಉಂಟಾದವು, ಒಂದು ಮುಗಿದು ಇನ್ನೊಂದು ತೊಡಗುವುದು ಎಲ್ಲಿ, ಆ ಎಲ್ಲೆಯನ್ನು ಗೊತ್ತುಮಾಡಿದವರು ಯಾರು ಎಂದು ಕೇಳುವ ಮಗುವಿಗೆ ಉತ್ತರ ಒಂದೇ. ಎಲ್ಲೆಗಳನ್ನು ಗೊತ್ತುಮಾಡಿರುವುದು ಶಾಖ. ಮೇಲೇರಿದಂತೆ ಗಾಳಿ ಮೊದಲು ತಣ್ಣಗಾಗುತ್ತದೆ, ಬಳಿಕ ಬೆಚ್ಚಗಾಗುತ್ತದೆ, ಮತ್ತೆ ತಣ್ಣಗಾಗುತ್ತದೆ, ಕೊನೆಗೆ ಪುನಃ ಕಾಯುತ್ತದೆ. ಈ ಏರಿಳಿತದ ತಿರುವುಗಳೇ ಸ್ತರಗಳ ಎಲ್ಲೆಗಳು. ಶಾಖ ಎಲ್ಲಿಂದ ಬರುತ್ತದೆಂಬುದನ್ನು ತಿಳಿದರೆ ಮಳೆ ಏಕೆ ಬರುತ್ತದೆ, ಕೆರೆಯ ನೀರು ಆಕಾಶಕ್ಕೆ ಹಾರಿ ಮರೆಯಾಗುವುದಿಲ್ಲವೇಕೆ, ಚಳಿಗಾಲದ ಮುಂಜಾವಿನ ಹೊಗೆ ಊರಿನ ಮೇಲೆಯೇ ನಿಲ್ಲುವುದೇಕೆ ಎಂಬುದೆಲ್ಲ ತಾನಾಗಿ ತಿಳಿಯುತ್ತದೆ.

ಗಾಳಿಗೂ ತೂಕವುಂಟು

ಗಾಳಿ ಒಂದು ವಸ್ತುವೆಂಬುದನ್ನು ಮಕ್ಕಳು ಮೊದಲು ನಂಬಬೇಕು. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರೂವರೆ ಮೀಟರ್ ಎತ್ತರದ ಒಂದು ತರಗತಿ ಕೊಠಡಿಯನ್ನು ತೆಗೆದುಕೊಳ್ಳೋಣ. ತುಮಕೂರಿನಲ್ಲಿ ಅಂತಹ ಕೊಠಡಿಯ ಗಾಳಿ ಸುಮಾರು 180 ಕಿಲೋಗ್ರಾಂ ತೂಗುತ್ತದೆ. ಅಂದರೆ ಅರವತ್ತು ಕಿಲೋಗ್ರಾಮಿನ ಮೂರು ಮೂಟೆ ರಾಗಿಯಷ್ಟು. ಬರಿದಾಗಿದೆಯೆಂದು ನಾವು ಹೇಳುವ ಕೊಠಡಿ ಬರಿದಾಗಿಲ್ಲ.

ಈ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಉಳಿದ ಒಂದು ಪಾಲಿನಲ್ಲಿ ಬಹುಭಾಗ ಆರ್ಗಾನ್. ಇಂಗಾಲದ ಡೈಆಕ್ಸೈಡ್ ತೀರ ಅಲ್ಪ. ಇದರೊಂದಿಗೆ ಸ್ಥಳ, ಕಾಲಗಳಿಗೆ ತಕ್ಕಂತೆ ಹೆಚ್ಚು ಕಡಿಮೆಯಾಗುವ ನೀರಾವಿಯೂ ಧೂಳಿನ ಕಣಗಳೂ ಇರುತ್ತವೆ.

ಮೇಲಿನ ಗಾಳಿಯ ಭಾರವೆಲ್ಲ ಕೆಳಗಿನ ಗಾಳಿಯ ಮೇಲೆ ಬೀಳುತ್ತದೆ. ಹತ್ತಿಯ ಅಂಡಿಗೆಯಲ್ಲಿ ತಳದ ಹತ್ತಿ ಅದುಮಿಕೊಂಡು, ಮೇಲಿನದು ಸಡಿಲವಾಗಿರುವಂತೆ ನೆಲದ ಬಳಿ ಗಾಳಿ ದಟ್ಟ, ಮೇಲೇರಿದಂತೆ ವಿರಳ. ಮಂಗಳೂರಿನ ಕಡಲ ತೀರದಲ್ಲಿ ಗಾಳಿಯ ಒತ್ತಡ ಸುಮಾರು 1013 ಮಿಲಿಬಾರ್. ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ತುಮಕೂರಿನಲ್ಲಿ ಅದು ಸುಮಾರು 920 ಮಿಲಿಬಾರ್. ಒತ್ತಡ ಇಳಿದಂತೆ ನೀರು ಬೇಗ ಕುದಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ನೀರು ನಮ್ಮ ಅಡಿಗೆಮನೆಗಳಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಪಠ್ಯಪುಸ್ತಕದ ಸಂಖ್ಯೆಗೂ ಪ್ರಯೋಗಶಾಲೆಯ ಉಷ್ಣಮಾಪಕಕ್ಕೂ ತಾಳೆಯಾಗದಿದ್ದಾಗ ಮಕ್ಕಳು ಕಾರಣ ಕೇಳಿದರೆ ವಾಯುಮಂಡಲದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ.

ಶಿರಾ ರಸ್ತೆಯನ್ನು ನೆಟ್ಟಗೆ ನಿಲ್ಲಿಸಿದರೆ

ಹದಿನಾರು ಕಿಲೋಮೀಟರ್ ಎತ್ತರ, ಐವತ್ತು ಕಿಲೋಮೀಟರ್ ಎತ್ತರ ಎಂದರೆ ಮಕ್ಕಳಿಗೆ ಅಂದಾಜು ಸಿಗದು. ನಮಗೊಂದು ಅನುಕೂಲವಿದೆ. ಶಿರಾ ಗೇಟಿನಿಂದ ಹೊರಡುವ ರಸ್ತೆ ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಗಳ ದಿಕ್ಕಿನಲ್ಲಿ ಪುಣೆಯತ್ತ ಸಾಗುತ್ತದೆ. ಆ ಊರುಗಳ ದೂರ ಬಸ್ಸಿನಲ್ಲಿ ಹೋಗಿಬರುವ ಮಕ್ಕಳಿಗೆ ಅನುಭವದಿಂದ ಗೊತ್ತು. ಈ ಹೆದ್ದಾರಿಯನ್ನು ಏಣಿಯಂತೆ ಎತ್ತಿ ಆಕಾಶಕ್ಕೆ ನಿಲ್ಲಿಸಿದೆವೆಂದು ಭಾವಿಸೋಣ. ಶಿರಾ ಗೇಟು ಏಣಿಯ ಬುಡ. ಇನ್ನು ಹತ್ತುತ್ತ ಹೋಗೋಣ.

ಪರಿವರ್ತನ ಮಂಡಲ

ಐದು, ಐದೂವರೆ ಕಿಲೋಮೀಟರ್ ಹೋದರೆ ನಾವು ನಗರದ ಅಂಚನ್ನು ದಾಟಿರುತ್ತೇವೆ, ಅಷ್ಟೆ. ಆದರೆ ಅಷ್ಟು ಎತ್ತರಕ್ಕೆ ಏರುವಷ್ಟರಲ್ಲಿ ಇಡೀ ವಾಯುಮಂಡಲದ ಅರ್ಧ ಗಾಳಿ ನಮ್ಮ ಕೆಳಗೆ ಉಳಿದಿರುತ್ತದೆ. ಸೀಬಿಯ ನರಸಿಂಹಸ್ವಾಮಿ ದೇವಾಲಯ ತುಮಕೂರಿನಿಂದ ಸುಮಾರು 24 ಕಿಲೋಮೀಟರ್. ಅಲ್ಲಿಗೆ ಮುಟ್ಟುವ ಮುನ್ನವೇ, ಹದಿನಾರು ಹದಿನೇಳು ಕಿಲೋಮೀಟರಿನಲ್ಲಿ, ಮೊದಲನೆಯ ಸ್ತರ ಮುಗಿಯುತ್ತದೆ. ಗಾಳಿಯ ಹತ್ತು ಪಾಲಿನಲ್ಲಿ ಸುಮಾರು ಒಂಬತ್ತು ಪಾಲು ಇದರೊಳಗೇ ಇದೆ. ಧ್ರುವಪ್ರದೇಶಗಳಲ್ಲಿ ಈ ಸ್ತರ ಎಂಟು ಕಿಲೋಮೀಟರಿನಷ್ಟೇ ದಪ್ಪ. ನಮ್ಮಂತಹ ಉಷ್ಣಪ್ರದೇಶಗಳಲ್ಲಿ ಕಾದ ಗಾಳಿ ಹಿಗ್ಗಿ ಮೇಲಕ್ಕೆ ಎದ್ದಿರುವುದರಿಂದ ಅದರ ಎರಡರಷ್ಟು.

ಸೂರ್ಯನ ಬೆಳಕಿನ ಬಹುಭಾಗ ಗಾಳಿಯನ್ನು ಹಾದು ನೆಲವನ್ನು ಮುಟ್ಟುತ್ತದೆ. ಮೊದಲು ಕಾಯುವುದು ನೆಲ. ನೆಲದಿಂದ ಗಾಳಿ ಕಾಯುತ್ತದೆ. ಆದುದರಿಂದ ನೆಲದಿಂದ ದೂರವಾದಂತೆ, ಸರಾಸರಿ ಕಿಲೋಮೀಟರಿಗೆ ಆರೂವರೆ ಡಿಗ್ರಿಯಂತೆ, ಉಷ್ಣತೆ ಇಳಿಯುತ್ತದೆ. ಸುಮಾರು 1,200 ಮೀಟರ್ ಎತ್ತರದ ದೇವರಾಯನದುರ್ಗದ ನೆತ್ತಿ ತುಮಕೂರಿಗಿಂತ ಎರಡು ಮೂರು ಡಿಗ್ರಿ ತಂಪಾಗಿರುವುದಕ್ಕೆ ಇದೇ ಕಾರಣ. ಬೆಟ್ಟ ಸೂರ್ಯನಿಗೆ ಹತ್ತಿರವಾದರೂ ಏಕೆ ತಂಪು ಎಂದು ಕೇಳುವ ಮಗುವಿಗೆ, ಗಾಳಿಯನ್ನು ಕಾಯಿಸುವ ಒಲೆ ಆಕಾಶದಲ್ಲಿಲ್ಲ, ನೆಲದಲ್ಲಿದೆ ಎಂದು ಹೇಳಿದರೆ ಸಾಕು.

ಒಲೆಯ ಮೇಲಿಟ್ಟ ಎಸರು ತಳದಿಂದ ಕಾದು ಮೇಲೇಳುತ್ತದೆ. ಮೇಲಿನ ತಣ್ಣೀರು ಕೆಳಗಿಳಿಯುತ್ತದೆ. ಪಾತ್ರೆಯ ನೀರೆಲ್ಲ ಸದಾ ಮಗುಚುತ್ತಿರುತ್ತದೆ. ಪರಿವರ್ತನ ಮಂಡಲ ಇಂತಹ ಎಸರು. ಹೆಸರಿನಲ್ಲಿರುವ ಪರಿವರ್ತನೆ ಇದೇ. ಮೋಡ, ಮಳೆ, ಗುಡುಗು, ಮಿಂಚು, ಬಿರುಗಾಳಿ, ಮಂಜು ಎಲ್ಲವೂ ಈ ಸ್ತರದ ವ್ಯಾಪಾರ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿ ಪಶ್ಚಿಮ ಘಟ್ಟವನ್ನು ಏರುವಾಗ ತಣ್ಣಗಾಗಿ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಸುತ್ತದೆ. ಘಟ್ಟ ಇಳಿದ ಅದೇ ಗಾಳಿ ಶಿರಾ, ಪಾವಗಡಗಳ ಮೇಲೆ ಹಾಯುವಾಗ ಅದರ ಹತ್ತನೆಯ ಒಂದು ಪಾಲನ್ನೂ ಕೊಡದು.

ಈ ಸ್ತರದ ಮೇಲ್ಮಿತಿಯಲ್ಲಿ ಚಳಿ ಶೂನ್ಯಕ್ಕಿಂತ ಸುಮಾರು 80 ಡಿಗ್ರಿ ಕೆಳಗೆ ಇಳಿದಿರುತ್ತದೆ. ಮೇಲೇರಿದ ನೀರಾವಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟಿ ಹಿಂದಿರುಗುತ್ತದೆ. ಮುಂದಕ್ಕೆ ನುಸುಳುವುದು ಗಾಳಿಯ ಹತ್ತು ಲಕ್ಷ ಪಾಲಿಗೆ ಕೆಲವೇ ಪಾಲು. ಈ ಚಳಿಯ ಮುಚ್ಚಳವಿಲ್ಲದಿದ್ದರೆ ನೀರಾವಿ ಇನ್ನೂ ಮೇಲೆ ಹೋಗಿ, ಸೂರ್ಯನ ತೀಕ್ಷ್ಣ ಕಿರಣಗಳಿಂದ ಒಡೆದು, ಅದರ ಜಲಜನಕ ಬಾಹ್ಯಾಕಾಶಕ್ಕೆ ಪಾರಾಗುತ್ತಿತ್ತು. ಭೂಮಿಯ ನೀರು ಯುಗಯುಗಗಳಲ್ಲಿ ಸವೆದುಹೋಗುತ್ತಿತ್ತು. ಅಮಾನಿಕೆರೆಯಿಂದಲೂ ಕಳ್ಳಂಬೆಳ್ಳದ ಕೆರೆಯಿಂದಲೂ ಬೇಸಗೆಯಲ್ಲಿ ಆವಿಯಾಗುವ ನೀರು ಎಲ್ಲಿಯಾದರೂ ಮತ್ತೆ ಮಳೆಯಾಗಿ ನೆಲಕ್ಕೇ ಬರುತ್ತದೆಂಬ ಭರವಸೆ ಈ ಮುಚ್ಚಳದಿಂದ ನಮಗೆ ದೊರೆತಿದೆ.

ಮುಚ್ಚಳವನ್ನು ಕಣ್ಣಿನಿಂದ ಕಾಣುವ ಸಂದರ್ಭವೂ ಒಂದುಂಟು. ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ ಸಂಜೆ ಗುಡುಗು ಮೋಡ ಬೆಟ್ಟದಂತೆ ಏರುವುದನ್ನು ದೂರದಿಂದ ನೋಡಬೇಕು. ಏರುತ್ತ ಏರುತ್ತ ಅದರ ನೆತ್ತಿ ಇದ್ದಕ್ಕಿದ್ದಂತೆ ಚಪ್ಪಟೆಯಾಗಿ, ಕಮ್ಮಾರನ ಅಡಿಗಲ್ಲಿನಂತೆ ಪಕ್ಕಕ್ಕೆ ಹರಡಿಕೊಳ್ಳುತ್ತದೆ. ಮೋಡ ಅಲ್ಲಿ ಪರಿವರ್ತನ ಮಂಡಲದ ಮಾಡಿಗೆ ತಗುಲಿದೆಯೆಂದು ತಿಳಿಯಬೇಕು.

ಸಮೋಷ್ಣ ಮಂಡಲ

ಆ ಮಾಡಿನಿಂದ ತೊಡಗಿ ಸುಮಾರು 50 ಕಿಲೋಮೀಟರಿನವರೆಗೆ, ಅಂದರೆ ನಮ್ಮ ಏಣಿಯಲ್ಲಿ ಶಿರಾ ಊರಿನವರೆಗೆ, ಎರಡನೆಯ ಸ್ತರ ವ್ಯಾಪಿಸಿದೆ. ಮೇಲೇರಿದಂತೆ ಚಳಿ ಹೆಚ್ಚುತ್ತಲೇ ಹೋಗುವುದೆಂದು ವಿದ್ವಾಂಸರು ಒಮ್ಮೆ ನಂಬಿದ್ದರು. ಫ್ರಾನ್ಸಿನ ಟೆಸ್ರಾಂಕ್ ದ ಬೋರ್ ಎಂಬ ವಿಜ್ಞಾನಿ ಉಪಕರಣಗಳನ್ನು ಕಟ್ಟಿದ ಇನ್ನೂರಕ್ಕೂ ಹೆಚ್ಚು ಬಲೂನುಗಳನ್ನು ಹಾರಿಸಿ, ಸುಮಾರು 11 ಕಿಲೋಮೀಟರಿನಿಂದ ಮೇಲೆ ಉಷ್ಣತೆ ಇಳಿಯುವುದು ನಿಲ್ಲುತ್ತದೆಂದು 1902ರಲ್ಲಿ ಪ್ರಕಟಿಸಿದನು. ಅವನ ಬಲೂನುಗಳು ಏರಿದಷ್ಟು ಎತ್ತರದಲ್ಲಿ ಉಷ್ಣತೆ ಹೆಚ್ಚುಕಡಿಮೆ ಸಮವಾಗಿತ್ತು. ಕನ್ನಡದ ‘ಸಮೋಷ್ಣ’ ಎಂಬ ಹೆಸರು ಆ ಮೊದಲ ತಿಳಿವಳಿಕೆಗೆ ಹೊಂದುತ್ತದೆ. ಆದರೆ ಇನ್ನೂ ಮೇಲೆ ಉಷ್ಣತೆ ಸಮವಾಗಿರದೆ ಏರುತ್ತ ಹೋಗಿ ಮೇಲ್ಮಿತಿಯಲ್ಲಿ ಶೂನ್ಯ ಡಿಗ್ರಿಯ ಸಮೀಪಕ್ಕೆ ಬರುತ್ತದೆ. ಹೆಸರನ್ನು ಮಾತ್ರ ಕಲಿತ ಮಗು ಇಲ್ಲಿ ತಪ್ಪು ತಿಳಿಯುವ ಸಂಭವವಿರುವುದರಿಂದ ಅಧ್ಯಾಪಕರು ಇದನ್ನು ಬಿಡಿಸಿ ಹೇಳುವುದು ಅಗತ್ಯ.

ಇಲ್ಲಿ ಗಾಳಿಯನ್ನು ಕಾಯಿಸುವುದು ಓಜೋನ್. ಆಮ್ಲಜನಕದ ಮೂರು ಪರಮಾಣುಗಳು ಕೂಡಿದ ಈ ಅನಿಲ ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿ ಶಾಖವನ್ನಾಗಿ ಮಾರ್ಪಡಿಸುತ್ತದೆ. ಸೀಬಿಯ ಆಸುಪಾಸಿಗೆ ಸರಿಯಾಗುವ 20ರಿಂದ 25 ಕಿಲೋಮೀಟರ್ ಎತ್ತರದಲ್ಲಿ ಇದು ಹೆಚ್ಚು ದಟ್ಟ. ದಟ್ಟವೆಂದರೂ ಎಷ್ಟು? ಇಡೀ ವಾಯುಮಂಡಲವನ್ನು ಸಮುದ್ರಮಟ್ಟದ ಗಾಳಿಯಷ್ಟು ಸಾಂದ್ರಗೊಳಿಸಿದರೆ ಅದರ ಎತ್ತರ ಸುಮಾರು ಎಂಟು ಕಿಲೋಮೀಟರ್ ಆದೀತು. ಹಾಗೆಯೇ ಓಜೋನನ್ನೆಲ್ಲ ಒಟ್ಟುಗೂಡಿಸಿದರೆ ಅದರ ದಪ್ಪ ಸುಮಾರು ಮೂರು ಮಿಲಿಮೀಟರ್, ಎರಡು ನಾಣ್ಯಗಳನ್ನು ಜೋಡಿಸಿದಷ್ಟು. ನೆಲದ ಮೇಲಿನ ಜೀವಕೋಟಿಯ ಚರ್ಮವನ್ನೂ ಕಣ್ಣನ್ನೂ ಬೆಳೆಯನ್ನೂ ಕಾಯುತ್ತಿರುವ ಛತ್ರಿ ಇಷ್ಟು ತೆಳುವಾದುದು.

ಈ ಓಜೋನಿನ ಅಳತೆಯಲ್ಲಿ ನಮ್ಮ ನಾಡಿನೊಡನೆ ನಂಟಿದ್ದ ಒಬ್ಬ ಮಹಿಳೆಯನ್ನು ಮಕ್ಕಳಿಗೆ ಪರಿಚಯಿಸಬೇಕು. ಕೇರಳದಲ್ಲಿ 1918ರಲ್ಲಿ ಜನಿಸಿದ ಅಣ್ಣಾ ಮಣಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ನಡೆಸಿದರು. ಬಳಿಕ ಹವಾಮಾನ ಇಲಾಖೆಯನ್ನು ಸೇರಿ, ಬಲೂನಿನಲ್ಲಿ ಕಟ್ಟಿ ಹಾರಿಸುವ ಓಜೋನ್ ಮಾಪಕವನ್ನು ನಮ್ಮ ದೇಶದಲ್ಲಿಯೇ ಸಿದ್ಧಪಡಿಸುವ ಕಾರ್ಯಕ್ಕೆ ನೇತೃತ್ವ ವಹಿಸಿದರು.

ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ ಇರುವ ಗಾಳಿ ಮಗುಚುವುದಿಲ್ಲ. ಸಮೋಷ್ಣ ಮಂಡಲ ಇಂತಹ ಕದಡದ ಕೊಳ. ಇಲ್ಲಿಗೆ ಸೇರಿದ ಕಲ್ಮಷವನ್ನು ತೊಳೆಯಲು ಮಳೆಯಿಲ್ಲ. 1991ರ ಜೂನಿನಲ್ಲಿ ಫಿಲಿಪೈನ್ಸಿನ ಪಿನಟೂಬೊ ಜ್ವಾಲಾಮುಖಿ ಸಿಡಿದಾಗ ಇಲ್ಲಿಗೆ ನುಗ್ಗಿದ ಗಂಧಕಯುಕ್ತ ಕಣಗಳು ಭೂಮಿಯನ್ನೆಲ್ಲ ಸುತ್ತುವರಿದವು. 1992ರಲ್ಲಿ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಇಳಿಯಿತು. ತಂಗಳು ಪೆಟ್ಟಿಗೆಗಳಲ್ಲಿಯೂ ಸಿಂಪಡಿಕೆಯ ಡಬ್ಬಿಗಳಲ್ಲಿಯೂ ಬಳಸುತ್ತಿದ್ದ ಕ್ಲೋರೋಫ್ಲೋರೋ ಕಾರ್ಬನ್ನುಗಳು ಹೀಗೆಯೇ ಇಲ್ಲಿಗೆ ಸೇರಿ ಓಜೋನನ್ನು ಕೊರೆದವು. ಅಂಟಾರ್ಕ್ಟಿಕದ ಮೇಲಿನ ಓಜೋನ್ ರಂಧ್ರದ ಸುದ್ದಿ 1985ರಲ್ಲಿ ಪ್ರಕಟವಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. ಭಾರತ 1992ರಲ್ಲಿ ಅದನ್ನು ಸೇರಿತು. ಈಗ ಓಜೋನ್ ಚೇತರಿಸಿಕೊಳ್ಳುತ್ತಿದೆ. ಅಂಟಾರ್ಕ್ಟಿಕದ ಮೇಲೆ ಅದು 1980ರ ಮಟ್ಟಕ್ಕೆ ಮರಳಲು 2066ರ ಸುಮಾರಾದೀತೆಂದು ವಿಜ್ಞಾನಿಗಳ ಅಂದಾಜು. ಕೆಡಿಸಲು ಕೆಲವು ದಶಕಗಳು, ಸರಿಪಡಿಸಲು ಅದಕ್ಕಿಂತ ಹೆಚ್ಚು ದಶಕಗಳು.

ಈ ಎತ್ತರ ಮನುಷ್ಯನಿಗೆ ಅಪರಿಚಿತವೇನಲ್ಲ. ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಬಲೂನ್ ಕೇಂದ್ರ ಮೂವತ್ತು ಕಿಲೋಮೀಟರಿಗೂ ಮೇಲಕ್ಕೆ ಏರುವ ಭಾರಿ ಬಲೂನುಗಳನ್ನು ಹಾರಿಸುತ್ತದೆ. ಅಂತಹ ಒಂದು ಬಲೂನು 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ ಇಳಿದಾಗ ಜನ ಬೆರಗಾಗಿ ನೋಡಿದರು.

ಮಧ್ಯಂತರ ಮಂಡಲ

ಶಿರಾ ದಾಟಿದ ಮೇಲೆ ಉಳಿದಿರುವ ಗಾಳಿ ಒಟ್ಟಿನ ಸಾವಿರದಲ್ಲಿ ಒಂದು ಪಾಲು ಮಾತ್ರ. ಕಾಯಿಸಲು ಓಜೋನೂ ಇಲ್ಲಿ ಸಾಲದು. ಆದುದರಿಂದ ಉಷ್ಣತೆ ಮತ್ತೆ ಇಳಿಯತೊಡಗುತ್ತದೆ. ಏಣಿಯಲ್ಲಿ ಹಿರಿಯೂರಿನ ಸಮೀಪ, 85ರಿಂದ 90 ಕಿಲೋಮೀಟರಿನಲ್ಲಿ, ಅದು ಶೂನ್ಯಕ್ಕಿಂತ ಸುಮಾರು 90 ಡಿಗ್ರಿ ಕೆಳಗೆ ಹೋಗುತ್ತದೆ. ಗಾಳಿ ಇಷ್ಟು ವಿರಳವಾದರೂ ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ನುಗ್ಗುವ ಉಲ್ಕೆಗಳಿಗೆ ಅದು ಗೋಡೆಯಂತೆ ತಡೆಯೊಡ್ಡುತ್ತದೆ. ರಾತ್ರಿ ಅಂಗಳದಲ್ಲಿ ಮಲಗಿದಾಗ ನಕ್ಷತ್ರ ಬಿತ್ತೆಂದು ಮಕ್ಕಳು ಕೈತೋರಿಸುವ ಬೆಳಕಿನ ಗೆರೆ ಸಾಮಾನ್ಯವಾಗಿ ಈ ಸ್ತರದ ಮೇಲಂಚಿನ ಆಸುಪಾಸಿನಲ್ಲಿ ಉರಿದುಹೋಗುವ ಮರಳಿನಷ್ಟು ಸಣ್ಣ ಕಣ.

ಉಷ್ಣತಾ ಮಂಡಲ ಮತ್ತು ಬಾಹ್ಯ ಮಂಡಲ

ಹಿರಿಯೂರು ದಾಟಿ ಚಿತ್ರದುರ್ಗದ ಕಡೆಗೆ ಸಾಗಿದರೆ ಸಿಗುವ 100 ಕಿಲೋಮೀಟರ್ ಎತ್ತರವನ್ನು ಬಾಹ್ಯಾಕಾಶದ ಹೊಸ್ತಿಲೆಂದು ಸಾಮಾನ್ಯವಾಗಿ ಗಣಿಸುತ್ತಾರೆ. ಇಲ್ಲಿಂದ ಮೇಲೆ ಸೂರ್ಯನ ಕ್ಷಕಿರಣಗಳೂ ತೀಕ್ಷ್ಣವಾದ ಅತಿನೇರಳೆ ಕಿರಣಗಳೂ ನೇರವಾಗಿ ಅನಿಲಕಣಗಳಿಗೆ ತಾಗುವುದರಿಂದ ಉಷ್ಣತೆ ಸಾವಿರ ಡಿಗ್ರಿಯ ಮೇಲೂ ಹೋಗಬಹುದು. ಆದರೂ ಅಲ್ಲಿ ಕೈ ಸುಡುವುದಿಲ್ಲ. ದೀಪಾವಳಿಯ ಸುರುಸುರುಬತ್ತಿಯ ಕಿಡಿ ಕುದಿಯುವ ನೀರಿಗಿಂತ ಹಲವು ಪಟ್ಟು ಬಿಸಿ. ಆದರೆ ಕಿಡಿಯೊಂದು ಕೈಮೇಲೆ ಬಿದ್ದರೆ ಚುರುಕ್ಕೆಂದು ಆರಿಹೋಗುತ್ತದೆ. ಒಂದು ಚೊಂಬು ಕುದಿನೀರು ಬಿದ್ದರೆ ಚರ್ಮ ಬೆಂದುಹೋಗುತ್ತದೆ. ಉಷ್ಣತೆ ಬೇರೆ, ಶಾಖದ ಮೊತ್ತ ಬೇರೆ ಎಂಬುದನ್ನು ತಿಳಿಸಲು ಈ ಉದಾಹರಣೆ ಸಾಕು. ಉಷ್ಣತಾ ಮಂಡಲದಲ್ಲಿ ಕಿಡಿಗಳುಂಟು, ಚೊಂಬಿನ ನೀರಿಲ್ಲ.

ಕಿರಣಗಳ ಹೊಡೆತದಿಂದ ಇಲ್ಲಿನ ಕಣಗಳು ವಿದ್ಯುದಂಶವನ್ನು ಪಡೆಯುವುದರಿಂದ ಈ ಭಾಗವನ್ನು ಅಯಾನು ಮಂಡಲವೆಂದೂ ಕರೆಯುತ್ತಾರೆ. ಹ್ರಸ್ವತರಂಗದ ರೇಡಿಯೋ ಅಲೆಗಳನ್ನು ಇದು ನೆಲಕ್ಕೆ ಮರಳಿಸುತ್ತದೆ. ನಮ್ಮ ಹಿರಿಯ ಹಳೆಯ ವಿದ್ಯಾರ್ಥಿಗಳು ರೇಡಿಯೋ ಸಿಲೋನಿನ ಹಾಡುಗಳನ್ನು ಕೇಳಿದ್ದು ಈ ಕಾಣದ ಕನ್ನಡಿಯ ಕೃಪೆಯಿಂದ. ಇದನ್ನು ಅರಿಯಲೆಂದೇ 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಭಾರತದ ನೆಲದ ಮೊದಲ ಸಂಶೋಧನಾ ರಾಕೆಟ್ಟು ಮೇಲೇರಿತು.

ಧಾರವಾಡ ದಾಟಿ ಬೆಳಗಾವಿ ಸಮೀಪಿಸಿದರೆ ಸುಮಾರು 400 ಕಿಲೋಮೀಟರ್; ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವುದು ಆ ಎತ್ತರದಲ್ಲಿ. ಕೊಲ್ಹಾಪುರವನ್ನೂ ಹಿಂದಿಕ್ಕಿ ಪುಣೆಯತ್ತ ಸಾಗಿದಂತೆ ಉಷ್ಣತಾ ಮಂಡಲ ಮುಗಿದು ಬಾಹ್ಯ ಮಂಡಲ ತೊಡಗುತ್ತದೆ. ಅಲ್ಲಿ ಕಣಕ್ಕೂ ಕಣಕ್ಕೂ ಡಿಕ್ಕಿಯೇ ಅಪರೂಪ. ಹಗುರವಾದವು ಭೂಮಿಯ ಸೆಳೆತವನ್ನು ಮೀರಿ ಹೊರಟುಹೋಗುತ್ತವೆ. ಅಲ್ಲಿಯೂ ಗಾಳಿ ಪೂರ್ತಿ ಇಲ್ಲವೆನ್ನುವಂತಿಲ್ಲ. ಇದೇ ಹೆದ್ದಾರಿಯ ಬೆಂಗಳೂರಿನ ತುದಿಯಲ್ಲಿರುವ ಪೀಣ್ಯದಲ್ಲಿ, ಉಡುಪಿ ಕಡೆಯ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ಭಾರತದ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಉಡಾವಣೆಗೊಂಡು ಸುಮಾರು 600 ಕಿಲೋಮೀಟರ್ ಎತ್ತರದಲ್ಲಿ ಸುತ್ತಿತು. ಆ ಎತ್ತರದ ಅತ್ಯಲ್ಪ ಗಾಳಿಯ ತಡೆಯೇ ಅದನ್ನು ಮೆಲ್ಲಮೆಲ್ಲನೆ ಕೆಳಗೆಳೆದು, 1992ರ ಫೆಬ್ರವರಿಯಲ್ಲಿ ದಟ್ಟವಾದ ವಾಯುಮಂಡಲಕ್ಕೆ ಮರಳಿಸಿತು.

ತಿಳಿದು ಮಾಡಬೇಕಾದುದು

ಏಣಿ ಪುಣೆಯವರೆಗೆ ಹೋದರೂ ಉಸಿರಾಡಲು ಯೋಗ್ಯವಾದ ಗಾಳಿ ನಗರದ ಅಂಚಿನಲ್ಲಿಯೇ ಮುಗಿಯಿತೆಂಬುದನ್ನು ಮಕ್ಕಳು ಮರೆಯಬಾರದು. ಸೈಕಲ್ಲಿನಲ್ಲಿ ಅರ್ಧ ಗಂಟೆಯ ಹಾದಿಯಷ್ಟು ದಪ್ಪದ ಗಾಳಿಯೇ ನಮ್ಮೆಲ್ಲರ ಪಾಲಿಗೆ ಬಂದಿರುವುದು. 1958ರಲ್ಲಿ ಈ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಪಾಲು ಇತ್ತು. 2024ರಲ್ಲಿ 420ನ್ನು ಮೀರಿದೆ. ನೆಲದ ಶಾಖವನ್ನು ಹಿಡಿದಿಡುವ ಕಂಬಳಿ ಅಷ್ಟರ ಮಟ್ಟಿಗೆ ದಪ್ಪವಾಗಿದೆ.

ಇನ್ನು ನಮ್ಮ ಬಾಗಿಲಿನ ಮಾತು. ಧನುರ್ಮಾಸದ ರಾತ್ರಿ ಆಕಾಶ ನಿರ್ಮಲವಾಗಿದ್ದಾಗ ನೆಲ ಬೇಗ ತಣಿಯುತ್ತದೆ. ನೆಲಕ್ಕೆ ತಗುಲಿದ ಗಾಳಿಯೂ ತಣಿದು, ಮೇಲಿನ ಗಾಳಿ ಅದಕ್ಕಿಂತ ಬೆಚ್ಚಗೆ ಉಳಿಯುತ್ತದೆ. ಆಗ ಪರಿವರ್ತನ ಮಂಡಲದ ತಳದಲ್ಲಿಯೇ ಸಮೋಷ್ಣ ಮಂಡಲದ ಸ್ವಭಾವದ ಒಂದು ಚಿಕ್ಕ ಮುಚ್ಚಳ ಏರ್ಪಡುತ್ತದೆ. ಮುಂಜಾನೆ ಅಂಗಡಿಯ ಮುಂದೆ ಗುಡಿಸಿ ಸುಡುವ ಕಸದ ಹೊಗೆಯೂ ಪ್ಲಾಸ್ಟಿಕ್ಕಿನ ಹೊಗೆಯೂ ಲಾರಿ ಬಸ್ಸುಗಳ ಹೊಗೆಯೂ ಈ ಮುಚ್ಚಳದ ಕೆಳಗೆ ಚಾಪೆಯಂತೆ ಹಾಸಿಕೊಳ್ಳುತ್ತವೆ. ಬಿಸಿಲೇರಿ ನೆಲ ಕಾದ ಮೇಲೆಯೇ ಅವು ಚದರುವುದು. ಮಕ್ಕಳು ಶಾಲೆಗೆ ನಡೆದು ಬರುವುದು ಅದಕ್ಕಿಂತ ಮೊದಲೇ. ಮೈತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಸೇದುತ್ತಾರೆ. ಅವರ ಮೂಗೂ ನೆಲಕ್ಕೆ ಹೆಚ್ಚು ಹತ್ತಿರ. ಆದುದರಿಂದ ಶಾಲೆಯ ಆವರಣದ ತರಗೆಲೆಯನ್ನು ಸುಡದೆ ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡುವುದು ಕೇವಲ ಶುಚಿತ್ವದ ನಿಯಮವಲ್ಲ, ವಾಯುಮಂಡಲದ ಪಾಠದ ಆಚರಣೆ.

ಅಧ್ಯಾಪಕ ಬಂಧುಗಳು ಪ್ರೌಢಶಾಲೆಯ ಗೋಡೆಯೊಂದರ ಮೇಲೆ ಈ ಶಿರಾ ರಸ್ತೆಯ ಏಣಿಯನ್ನು ಅಳತೆಗೆ ಸರಿಯಾಗಿ ಬರೆಯಿಸಬಹುದು. ದೇವರಾಯನದುರ್ಗದ ಪ್ರವಾಸಕ್ಕೆ ಉಷ್ಣಮಾಪಕವೊಂದನ್ನು ಕೊಂಡೊಯ್ದು ಬುಡದಲ್ಲಿಯೂ ನೆತ್ತಿಯಲ್ಲಿಯೂ ನೆರಳಿನಲ್ಲಿ ಹಿಡಿದು ಓದಿಸಬಹುದು. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಮನಸ್ಸು ಮಾಡಿದರೆ ಒಂದು ಮಳೆಮಾಪಕ, ಗರಿಷ್ಠ ಕನಿಷ್ಠ ಉಷ್ಣಮಾಪಕ, ವಾಯುಭಾರಮಾಪಕ ಮತ್ತು ಗಾಳಿಯ ದಿಕ್ಕು ತೋರಿಸುವ ಸಾಧನ ಇವಿಷ್ಟನ್ನು ಒದಗಿಸುವುದು ದೊಡ್ಡ ವೆಚ್ಚವಲ್ಲ. ಸರದಿಯಂತೆ ಮಕ್ಕಳೇ ದಿನವೂ ಓದಿ ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟರೆ, ಹತ್ತು ವರ್ಷಗಳ ಬಳಿಕ ಈ ಭಾಗದ ಮಳೆಗಾಳಿಯ ಚರಿತ್ರೆಯೇ ಶಾಲೆಯ ಕಪಾಟಿನಲ್ಲಿರುತ್ತದೆ.

ಶ್ರೀಮಠದ ದಾಸೋಹದಲ್ಲಿ ಕುಳಿತು ಉಂಡವರಿಗೆ ಪಂಕ್ತಿಭೇದವಿಲ್ಲದ ಊಟದ ಅರ್ಥ ಗೊತ್ತು. ಗಾಳಿಯ ದಾಸೋಹವೂ ಅಂತಹುದೇ. ಬಡವ ಬಲ್ಲಿದನೆನ್ನದೆ, ಮನುಷ್ಯ ಪಶು ಪಕ್ಷಿಯೆನ್ನದೆ ಎಲ್ಲರಿಗೂ ಒಂದೇ ಪಾತ್ರೆಯಿಂದ ಬಡಿಸಲಾಗುತ್ತಿದೆ. ಆ ಪಾತ್ರೆ ಎಷ್ಟು ಆಳವಿದೆಯೆಂದು ಅಳೆದು ತಿಳಿದ ಮಕ್ಕಳು ಅದಕ್ಕೆ ಕಸ ಬೀಳದಂತೆ ನೋಡಿಕೊಳ್ಳುವರೆಂದು ಆಶಿಸೋಣ.